ಸೋಮವಾರದ ಹೊಟ್ಟೆನೋವು: ಮೂರು ಡಾಕ್ಟರು ನೋಡಿದರು, ವಿಷಯ ಗೊತ್ತಾಗಿದ್ದು ಸ್ಕ್ಯಾನ್ ರೂಮಿನ ಹೊರಗೆ

ಹಾಸನದಮ್ಮ:

ಜೂನ್ ಎರಡನೇ ವಾರ ನನ್ನ ಮಗನಿಗೆ ಹೊಟ್ಟೆನೋವು ಶುರುವಾಯಿತು. ಐದನೇ ಕ್ಲಾಸು, ವಯಸ್ಸು 10. ಬೆಳಿಗ್ಗೆ ಏಳುವಾಗಲೇ ಹೊಕ್ಕುಳ ಮೇಲೆ ಕೈ ಇಟ್ಟುಕೊಂಡು ಮುದುಡಿ ಮಲಗಿರುತ್ತಿದ್ದ. ಅತ್ತೆ ಮೊದಲ ದಿನ ಓಮದ ನೀರು ಕುಡಿಸಿದರು. ಮಾರನೇ ದಿನ ಹೊಕ್ಕುಳಿಗೆ ಹರಳೆಣ್ಣೆ. ಮೂರನೇ ದಿನ ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟರು. ಘಾಟು ಬರಲಿಲ್ಲ. ದೃಷ್ಟಿ ಬಹಳ ಜೋರಾಗಿಯೇ ತಾಗಿದೆ ಎಂದಾಯಿತು.

ಆಮೇಲೆ ಡಾಕ್ಟರುಗಳ ಸರದಿ. ಮೊದಲನೆಯವರು ಜಂತುಹುಳ ಇರಬಹುದು ಎಂದು ಆಲ್ಬೆಂಡಜೋಲ್ ಕೊಟ್ಟರು. ಎರಡನೆಯವರು ಅಸಿಡಿಟಿ ಎಂದರು. ಒಂದು ಸಿರಪ್, ಜೊತೆಗೆ ಬೇಕರಿ ತಿಂಡಿ ಕೊಡಿಸಬೇಡಿ ಅಂತ ನನಗೊಂದು ಬೈಗುಳ. ಮೂರನೆಯವರು ರಕ್ತ, ಮೂತ್ರ, ಮಲ ಎಲ್ಲ ಪರೀಕ್ಷೆ ಮಾಡಿಸಿ ಸ್ಕ್ಯಾನಿಗೆ ಬರೆದರು. ಎರಡು ತಿಂಗಳಲ್ಲಿ 11,400 ರೂಪಾಯಿ, ನನ್ನ 6 ದಿನ ರಜೆ, ಅವನ 9 ದಿನ ರಜೆ. ನೋವು ಮಾತ್ರ ಸೋಮವಾರ ಬಂತೆಂದರೆ ಹಾಜರು.

ಸ್ಕ್ಯಾನಿಗೆ ಮೂತ್ರ ಕಟ್ಟಿಕೊಂಡಿರಬೇಕಲ್ಲ, ನೀರು ಕುಡಿಸಿ ಕೂರಿಸಿದ್ದರು. ಹೆಸರು ಕೂಗುವ ಅಕ್ಕ ಒಬ್ಬರು ಬಂದು "ಪುಟ್ಟಾ, ತಡೆಯೋಕಾಗುತ್ತಾ? ಇನ್ನೂ ನಾಲ್ಕು ಜನ ಇದ್ದಾರೆ" ಎಂದು ಕೇಳಿದರು. ಇವನು "ಆಗುತ್ತೆ ಆಂಟಿ, ನಾನು ದಿನಾ ಸಂಜೆ ತನಕ ತಡ್ಕೊತೀನಿ" ಎಂದ. ನಾನು ಫೋನ್ ನೋಡುತ್ತಾ ಕೂತಿದ್ದೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆ ಅಕ್ಕ ಮಾತ್ರ ಅಲ್ಲೇ ನಿಂತರು.

"ಯಾಕೋ, ಸ್ಕೂಲಲ್ಲಿ ಬಾತ್‌ರೂಮ್ ಇಲ್ವಾ?"

"ಇದೆ. ಅಲ್ಲಿ ಅವರು ಇರ್ತಾರೆ."

ಅವರು ಅಂದರೆ ಇವನ ವ್ಯಾನಿನಲ್ಲೇ ಬರುವ ಎಂಟನೇ ಕ್ಲಾಸಿನ ಮೂವರು. ಮಗನಿಗೆ ಮಾತಾಡುವಾಗ ಸ್ವಲ್ಪ ತೊದಲು. ವ್ಯಾನ್ ಹತ್ತಿದ ಕೂಡಲೇ ಇವನ ಹೆಸರನ್ನೇ ತೊದಲುತ್ತಾ ಕೂಗುತ್ತಾರಂತೆ. ಸೀಟು ಬೇಕಾದರೆ ಟಿಫಿನ್ ಕೊಡಬೇಕು, ಇಲ್ಲದಿದ್ದರೆ ಬಾಗಿಲ ಹತ್ತಿರ ಬ್ಯಾಗುಗಳ ಮೇಲೆ ಕೂರಬೇಕು. ಬಾತ್‌ರೂಮಿಗೆ ಹೊರಗಿನಿಂದ ಚಿಲಕ ಹಾಕಿ ಎರಡು ಸಲ ಬಿಟ್ಟು ಹೋಗಿದ್ದಾರೆ. ಡಬ್ಬಿ ದಿನಾ ಖಾಲಿಯಾಗಿ ಬರುತ್ತಿತ್ತು. ಈ ವರ್ಷ ಚೆನ್ನಾಗಿ ತಿನ್ನುತ್ತಿದ್ದಾನೆ ಎಂದು ನಾನು ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೆ.

ಸ್ಕ್ಯಾನ್ ರಿಪೋರ್ಟಿನಲ್ಲಿ ಹೊಟ್ಟೆಯೊಳಗಿನ ಲಿಂಫ್ ಗಂಟುಗಳು (ಸೋಂಕನ್ನು ತಡೆಯುವ ಸಣ್ಣ ಗಂಟುಗಳು) ಸ್ವಲ್ಪ ದೊಡ್ಡದಾಗಿವೆ ಎಂದು ಬಂತು. ಅದಕ್ಕೆ 5 ದಿನ ಆಂಟಿಬಯಾಟಿಕ್ ಕೊಟ್ಟರು.

ಮೂರು ಡಾಕ್ಟರು, ನಾವಿಬ್ಬರು, ಅತ್ತೆ. ಇಷ್ಟು ಜನರಲ್ಲಿ ಒಬ್ಬರೂ ಯಾಕೆ ಕೇಳಲಿಲ್ಲ? ನಿಮ್ಮ ಮನೆಯಲ್ಲೂ ಹೀಗಾಗಿದೆಯಾ?

ಬಸ್‌ಸ್ಟಾಪ್:

ಆ ಸ್ಕ್ಯಾನ್ ಅಕ್ಕನಿಗೆ ಒಂದು ಕೆಜಿ ಮೈಸೂರುಪಾಕ್ ಕೊಟ್ಟು ಬನ್ನಿ ಮೊದಲು.

ದಾವಣಗೆರೆ ಮಕ್ಕಳ ಡಾಕ್ಟರ್:

17 ವರ್ಷದಿಂದ ಮಕ್ಕಳನ್ನು ನೋಡುತ್ತಿದ್ದೇನೆ. ನೀವು ಹೇಳಿದ ಮೂರನೇ ಡಾಕ್ಟರ್ ನಾನೇ ಆಗಿರಬಹುದಿತ್ತು, ಹಾಗಾಗಿ ಯಾರನ್ನೂ ದೂರುವುದಿಲ್ಲ. ಬೆಳಗಿನ ಓಪಿಡಿಯಲ್ಲಿ 70 ಮಕ್ಕಳು ಕೂತಿದ್ದಾಗ ಒಬ್ಬೊಬ್ಬರಿಗೆ ಎಷ್ಟು ನಿಮಿಷ ಸಿಗುತ್ತದೆ, ನೀವೇ ಲೆಕ್ಕ ಹಾಕಿ. ಸ್ಕ್ಯಾನಿಗೆ ಬರೆಯಲು ಹತ್ತು ಸೆಕೆಂಡು ಸಾಕು. "ವ್ಯಾನಿನಲ್ಲಿ ಯಾರ ಪಕ್ಕ ಕೂರ್ತೀಯ?" ಎಂದು ಕೇಳಿ ಉತ್ತರಕ್ಕೆ ಕಾಯಲು ಅಷ್ಟು ಸಾಲದು. ಅದರಲ್ಲೂ ತೊದಲುವ ಮಗು.

ಇದು ಹೊಸ ಕಾಯಿಲೆಯಲ್ಲ. ಬ್ರಿಸ್ಟಲ್‌ನ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರು ಜೊತೆಗಾರರೊಬ್ಬರೊಂದಿಗೆ 1000 ಶಾಲಾ ಮಕ್ಕಳನ್ನು ನೋಡಿ 1958ರಲ್ಲೇ ಬರೆದರು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ಮತ್ತೆ ಮತ್ತೆ ಹೊಟ್ಟೆನೋವು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ಆಟ ಪಾಠ ಬಿಡಿಸುವಷ್ಟು ಜೋರು. ಹೆಚ್ಚಿನವರ ದೇಹದಲ್ಲಿ ಕಾಯಿಲೆ ಸಿಗಲಿಲ್ಲ. ನೋವು ಹೊಕ್ಕುಳಿಂದ ದೂರ ಹೋದಷ್ಟೂ ದೇಹದ ಕಾಯಿಲೆ ಇರುವ ಸಂಭವ ಜಾಸ್ತಿ ಎಂಬ ಅವರ ಮಾತನ್ನು ನಾವು ಇಂದಿಗೂ ಪಾಠದಲ್ಲಿ ಓದುತ್ತೇವೆ. ಆಮೇಲೆ 2013ರಲ್ಲಿ ಇಟಲಿಯ ಇಬ್ಬರು ಸಂಶೋಧಕರು ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಹಪಾಠಿಗಳ ಕಾಟಕ್ಕೆ ಸಿಕ್ಕ ಮಕ್ಕಳಲ್ಲಿ ತಲೆನೋವು, ಹೊಟ್ಟೆನೋವಿನಂಥ ತೊಂದರೆಗಳ ಸಂಭವ ಉಳಿದವರಿಗಿಂತ ಕನಿಷ್ಠ ಎರಡು ಪಟ್ಟು ಎಂದು ಕಂಡಿತು.

ಹಾಗೆಂದು ಮಗ ನಾಟಕ ಆಡುತ್ತಿದ್ದ ಎಂದುಕೊಳ್ಳಬೇಡಿ. ನೋವು ನಿಜವಾದದ್ದೇ. ಭಯವಾದಾಗ ಕರುಳಿನ ಚಲನೆ ಬದಲಾಗುತ್ತದೆ. ಮಾಮೂಲಿ ಸೆಳೆತವೂ ನೋವಾಗಿ ಕಾಣುತ್ತದೆ. ಇವನಂತೂ ಮಧ್ಯಾಹ್ನ ಊಟವಿಲ್ಲದೆ ಇದ್ದ, ಅಸಿಡಿಟಿ ಆಗಿದ್ದಿರಲೂಬಹುದು. ಸಂಜೆವರೆಗೆ ಕಟ್ಟಿಕೊಂಡರೆ ಮಲಬದ್ಧತೆ, ಮೂತ್ರದ ಸೋಂಕು ಎರಡಕ್ಕೂ ದಾರಿ. ಡಾಕ್ಟರುಗಳು ಪೂರ್ತಿ ತಪ್ಪು ಹೇಳಲಿಲ್ಲ, ಒಂದು ಮೆಟ್ಟಿಲು ಮೊದಲೇ ನಿಂತುಬಿಟ್ಟರು ಅಷ್ಟೇ. ಲಿಂಫ್ ಗಂಟಿನ ವಿಚಾರ: ಆರೋಗ್ಯವಾಗಿರುವ ಮಕ್ಕಳಲ್ಲೂ ಅವು ಸ್ಕ್ಯಾನಿನಲ್ಲಿ ಕಾಣುತ್ತವೆ. ಎಷ್ಟೋ ಸಲ ಅದಕ್ಕೆ ಔಷಧಿಯೇ ಬೇಡ.

ಇದನ್ನು ಓದಿ ಇನ್ನೊಬ್ಬರು ತಮ್ಮ ಮಗುವಿನ ನೋವನ್ನು ಸ್ಕೂಲಿನದೇ ಇರಬೇಕು ಎಂದು ಬಿಟ್ಟುಬಿಡಬಾರದು. ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಡದ ಜ್ವರ, ಬಲಗಡೆ ಕೆಳಹೊಟ್ಟೆಯ ನೋವು ಇದ್ದರೆ ಮೊದಲು ಆಸ್ಪತ್ರೆ.

ಶ್ರೀರಂಗಪಟ್ಟಣದ ತಾತ:

ಎಲ್ಲರೂ ಬೇಜಾರಾದರೂ ಸರಿ, ಹೇಳುತ್ತೇನೆ. ನಮ್ಮ ಕ್ಲಾಸಿನಲ್ಲಿ ಡುಮ್ಮ, ಕುಳ್ಳ, ಸೋಡಾಬುಡ್ಡಿ, ಕರಿಯ ಎಲ್ಲರೂ ಇದ್ದರು. ನನ್ನನ್ನು ಒಣಕಲ ಎನ್ನುತ್ತಿದ್ದರು. ಯಾರೂ ಸ್ಕ್ಯಾನಿಗೆ ಹೋಗಲಿಲ್ಲ. ಈಗಿನ ಮಕ್ಕಳಿಗೆ ತಡೆದುಕೊಳ್ಳುವ ಶಕ್ತಿ ಇಲ್ಲ. ಹುಡುಗಾಟಕ್ಕೆ ಬುಲ್ಲಿಯಿಂಗ್ ಎಂದು ಇಂಗ್ಲಿಷ್ ಹೆಸರು ಇಟ್ಟು ಕಾಯಿಲೆ ಮಾಡಿದ್ದೀರಿ.

ಕೊಪ್ಪದವಳು:

ತಾತ, ಇಂಗ್ಲಿಷ್ ಹೆಸರೇ ಬೇಕಿಲ್ಲ. ನಮ್ಮಲ್ಲೇ ಎಷ್ಟು ಪದ ಇವೆ ನೋಡಿ. ರೇಗಿಸೋದು, ಕಿಚಾಯಿಸೋದು, ಛೇಡಿಸೋದು, ಗೋಳು ಹುಯ್ಕೊಳ್ಳೋದು, ಕಾಡಿಸೋದು, ಪೀಡಿಸೋದು. ಮೊದಲೆರಡು ಗೆಳೆಯರ ನಡುವೆಯೂ ನಡೆಯುತ್ತವೆ, ಇವತ್ತು ನೀನು ನಾಳೆ ನಾನು. ಕೊನೆಯೆರಡು ಹಾಗಲ್ಲ, ಅಲ್ವಾ? ನಾರ್ವೆಯಲ್ಲಿ ದಾನ್ ಓಲ್ವೇಯಸ್ ಎಂಬ ಮನೋವಿಜ್ಞಾನಿ ಇದನ್ನು ಮೊದಲು ಗಟ್ಟಿಯಾಗಿ ಅಧ್ಯಯನ ಮಾಡಿದವರಲ್ಲಿ ಒಬ್ಬರು. ಬೇಕೆಂದೇ ಮಾಡಿದ್ದಾ, ಮತ್ತೆ ಮತ್ತೆ ಮಾಡಿದ್ದಾ, ಎದುರಿನವನು ತಿರುಗಿಬೀಳಲಾರದ ಸ್ಥಿತಿಯಲ್ಲಿದ್ದಾನಾ, ಈ ಮೂರನ್ನು ಅವರು ನೋಡುತ್ತಿದ್ದರು. ಎಂಟನೇ ಕ್ಲಾಸಿನ ಮೂವರು, ಐದನೇ ಕ್ಲಾಸಿನ ಒಬ್ಬ. ಚಿಲಕ ಹೊರಗಡೆ. ಇದರಲ್ಲಿ ಆಟ ಎಲ್ಲಿದೆ?

ಸೋಡಾಬುಡ್ಡಿ 1978:

ಈ ಹೆಸರಲ್ಲೇ ಬರೆಯುತ್ತೇನೆ, ಯಾಕೆಂದರೆ ತಾತ ಹೇಳಿದ ಸೋಡಾಬುಡ್ಡಿ ನಾನೇ. ಅವರ ಕ್ಲಾಸಿನವನಲ್ಲ, ಆದರೂ ನಾನೇ.

ಐದರಿಂದ ಏಳನೇ ಕ್ಲಾಸಿನವರೆಗೆ ನನ್ನ ಕನ್ನಡಕವನ್ನು ವಾರಕ್ಕೊಮ್ಮೆಯಾದರೂ ಕಿತ್ತುಕೊಂಡು ಒಬ್ಬರಿಂದೊಬ್ಬರಿಗೆ ಎಸೆಯುತ್ತಿದ್ದರು. ಕನ್ನಡಕ ಇಲ್ಲದೆ ನನಗೆ ಮುಖಗಳು ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಮನೆಯಲ್ಲಿ ಹೇಳಲಿಲ್ಲ. ಕನ್ನಡಕ ಎರಡು ಸಲ ಒಡೆದಾಗ ಅಪ್ಪ ನನಗೇ ಬಾರಿಸಿದರು. ಹೇಳಿದ್ದರೂ ಏನಾಗುತ್ತಿತ್ತೋ.

36ನೇ ವಯಸ್ಸಿಗೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಹಾರ್ಟ್ ಅಟ್ಯಾಕೇ ಎಂದು ರಾತ್ರಿ ಎಮರ್ಜೆನ್ಸಿಗೆ ಓಡಿದೆ. ಇಸಿಜಿ ನಾರ್ಮಲ್. ಮುಂದಿನ ನಾಲ್ಕು ವರ್ಷದಲ್ಲಿ 11 ಇಸಿಜಿ, 2 ಟ್ರೆಡ್‌ಮಿಲ್, 2 ಎಕೋ, ಥೈರಾಯ್ಡ್ ಎಷ್ಟು ಸಲ ಎಂದು ನೆನಪಿಲ್ಲ. ಎಲ್ಲವೂ ನಾರ್ಮಲ್. ನಾರ್ಮಲ್ ಎಂಬ ಮಾತು ಕೇಳಿದರೆ ಅವಮಾನ ಆಗುತ್ತಿತ್ತು, ನನ್ನನ್ನು ಸುಳ್ಳುಗಾರ ಎಂದಂತೆ. ಕೊನೆಗೆ ವಯಸ್ಸಾದ ಫಿಜಿಶಿಯನ್ ಒಬ್ಬರು ಫೈಲನ್ನು ಮುಚ್ಚಿ ಪಕ್ಕಕ್ಕಿಟ್ಟು, "ಇದು ಬರುವುದಕ್ಕೆ ಸ್ವಲ್ಪ ಮುಂಚೆ ಏನು ನಡೆದಿರುತ್ತದೆ, ಅದನ್ನು ಹೇಳಿ" ಎಂದರು. ಯೋಚಿಸಿ ನೋಡಿದರೆ ಬಹುಪಾಲು ಸಲ ಆಫೀಸಿನಲ್ಲಿ ಬೆನ್ನ ಹಿಂದೆ ಯಾರೋ ಗುಂಪಾಗಿ ನಕ್ಕಿರುತ್ತಿದ್ದರು. ನನ್ನ ಬಗ್ಗೆ ಅಲ್ಲ, ಯಾವುದೋ ಕ್ರಿಕೆಟ್ ಮಾತು.

ಆರು ತಿಂಗಳು ಕೌನ್ಸೆಲಿಂಗ್, ಸ್ವಲ್ಪ ಕಾಲ ಮಾತ್ರೆ. ಈಗ ಪರವಾಗಿಲ್ಲ. ಆದರೆ ಶಾಲೆ ಬಿಡುವ ಹೊತ್ತಿಗೆ ಹುಡುಗರ ಗುಂಪು ಎದುರಾದರೆ ಇವತ್ತಿಗೂ ರಸ್ತೆ ದಾಟಿ ಆ ಕಡೆ ಹೋಗುತ್ತೇನೆ.

ಲೆಸ್ಟರ್ ಕನ್ನಡಿಗ:

ಸೋಡಾಬುಡ್ಡಿಯವರು ಬರೆದದ್ದನ್ನು ಓದಿ, ನಾನಿರುವ ದೇಶದ ಒಂದು ಲೆಕ್ಕ ನೆನಪಾಯಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮೂರೂ ಕಡೆ 1958ರ ಮಾರ್ಚ್‌ನ ಒಂದೇ ವಾರದಲ್ಲಿ ಹುಟ್ಟಿದ 17,000ಕ್ಕೂ ಹೆಚ್ಚು ಮಕ್ಕಳನ್ನು ಇಲ್ಲಿಯವರು ಬಿಡದೆ ಹಿಂಬಾಲಿಸಿದ್ದಾರೆ. ಡಾಕ್ಟರ್ ಹೇಳಿದ ಆಪ್ಲಿಯವರ ಬರಹದ್ದೂ ಅದೇ ವರ್ಷ ನೋಡಿ. ಮಕ್ಕಳಿಗೆ 7 ಮತ್ತು 11 ವರ್ಷವಾದಾಗ ತಂದೆತಾಯಿಯನ್ನು ಕೇಳಿದರು, ಬೇರೆ ಮಕ್ಕಳು ನಿಮ್ಮ ಮಗುವಿಗೆ ಕಾಟ ಕೊಡುತ್ತಾರಾ ಎಂದು. ಆಗೊಮ್ಮೆ ಈಗೊಮ್ಮೆ ಎಂಬ ಗುಂಪಿಗೆ ಸೇರಿದವರು ಶೇ. 28. ಪದೇ ಪದೇ ಎಂಬ ಗುಂಪು ಶೇ. 15.

ಲಂಡನ್ನಿನ ಸಂಶೋಧಕರು 2014ರಲ್ಲಿ ಆ ಮಕ್ಕಳ 50ನೇ ವಯಸ್ಸಿನವರೆಗಿನ ಕಥೆ ಬರೆದರು. ಪದೇ ಪದೇ ಕಾಟ ಅನುಭವಿಸಿದವರಲ್ಲಿ ಖಿನ್ನತೆ, ಆತಂಕ ಜಾಸ್ತಿ ಇತ್ತು. ಬಡತನ, ಬುದ್ಧಿಮತ್ತೆ, ಮನೆಯ ಸ್ಥಿತಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. 2017ರಲ್ಲಿ ಬಂದ ಇನ್ನೊಂದು ಲೇಖನ ನೇರವಾಗಿ ನಮ್ಮ ವಿಷಯದ್ದು. ಯಾರು ಎಷ್ಟು ಮಾನಸಿಕ ಆರೋಗ್ಯ ಸೇವೆ ಪಡೆದರು ಎಂದು ನೋಡಿದರು. ಪದೇ ಪದೇ ಪೀಡನೆಗೆ ಸಿಕ್ಕವರು ಬಾಲ್ಯ ಮತ್ತು ಹದಿಹರೆಯದಲ್ಲಿ ಆ ಸೇವೆ ಪಡೆಯುವ ಸಂಭವ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು. ನಡುವಯಸ್ಸಿನಲ್ಲಿ ಅಂತರ ಕಡಿಮೆಯಾಗಿ 1.3 ಪಟ್ಟಿಗೆ ಬರುತ್ತದೆ, ಆದರೆ ಅಳಿಸಿಹೋಗುವುದಿಲ್ಲ. ಐವತ್ತು ವರ್ಷದ ವಯಸ್ಸಿಗೆ ಮೊಮ್ಮಕ್ಕಳು ಬಂದಿರುತ್ತಾರೆ ಕೆಲವರಿಗೆ.

ಒಂದು ವಿಷಯ ನನ್ನನ್ನು ಕಾಡುತ್ತದೆ. ಕೇಳಿದ್ದು ತಂದೆತಾಯಿಯನ್ನು. ಮಗು ಮನೆಯಲ್ಲಿ ಬಾಯಿ ಬಿಡದಿದ್ದರೆ ಅದು ಕಾಟವೇ ಇಲ್ಲದ ಮಕ್ಕಳ ಸಾಲಿಗೆ ಹೋಗಿಬಿಡುತ್ತದೆ. ಜೂನ್‌ನಲ್ಲಿ ಕೇಳಿದ್ದರೆ ಹಾಸನದಮ್ಮ ಏನು ಹೇಳುತ್ತಿದ್ದರು?

ಹಾಸನದಮ್ಮ:

"ಇಲ್ಲ, ನಮ್ಮ ಹುಡುಗ ಎಲ್ಲರ ಜೊತೆ ಚೆನ್ನಾಗಿದ್ದಾನೆ" ಎನ್ನುತ್ತಿದ್ದೆ.

ಗುಂಡಣ್ಣ:

ಇಷ್ಟೆಲ್ಲಾ ಯಾಕೆ? ಆ ಮೂವರ ಅಪ್ಪಂದಿರನ್ನು ಹಿಡಿದು ನಾಲ್ಕು ಬಿಟ್ಟರೆ ಮುಗಿಯಿತು.

ಶಿರಸಿ ಟೀಚರ್:

ಗುಂಡಣ್ಣ, ಆಮೇಲೆ ಆ ಅಪ್ಪ ಮನೆಗೆ ಹೋಗಿ ಮಗನಿಗೆ ಎಂಟು ಬಿಡುತ್ತಾನೆ. ಆ ಮಗ ಮರುದಿನ ಚಿಕ್ಕವನಿಗೆ ಹದಿನಾರು. ಇದನ್ನು ಕಣ್ಣಾರೆ ಕಂಡಿದ್ದೇನೆ.

ನನ್ನದೂ ಒಂದು ತಪ್ಪಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ದೂರು ಬಂತು. ಎರಡೂ ಕಡೆಯವರನ್ನು ಎಲ್ಲರ ಎದುರು ಕರೆದು, ಸಾರಿ ಹೇಳಿಸಿ, ಕೈ ಕುಲುಕಿಸಿದೆ. ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ. ಕಾಟಕ್ಕೆ ಸಿಕ್ಕಿದ್ದ ಹುಡುಗಿ ಆಮೇಲೆ ಎರಡು ವಾರ ಶಾಲೆಗೆ ಬರಲಿಲ್ಲ. ಜ್ವರ ಎಂದು ಚೀಟಿ ಬಂತು. ಈಗ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಮಾತಾಡಿಸುತ್ತೇನೆ, ಸುಮ್ಮನೆ ನೋಡುತ್ತಾ ನಿಂತಿದ್ದ ಮಕ್ಕಳನ್ನೂ ಸೇರಿಸಿ. ಎಷ್ಟೋ ಸಲ ನಿಜ ಸಿಗುವುದು ಅವರಿಂದಲೇ.

ಹಾಜರಿ ಪುಸ್ತಕ ಒಳ್ಳೆಯ ಥರ್ಮಾಮೀಟರ್. ಇಡೀ ವಾರ ಗೈರಾದರೆ ಸಾಮಾನ್ಯವಾಗಿ ಕಾಯಿಲೆ. ಸೋಮವಾರ ಮಾತ್ರ, ಇಲ್ಲವೇ ಆಟದ ಪೀರಿಯಡ್ ಇರುವ ದಿನ ಮಾತ್ರ ಗೈರಾದರೆ ಬೇರೆ ಏನೋ ಇದೆ. ಆದರೆ ನಮಗೆ ಬರುವ ಚೀಟಿಯಲ್ಲಿ "ಹುಷಾರಿಲ್ಲ" ಎಂದಿರುತ್ತದೆ, ನಾವು ಫೈಲ್ ಮಾಡುತ್ತೇವೆ. ಶಾಲೆ ಆಸ್ಪತ್ರೆಯ ಕಡೆ ಕೈ ತೋರಿಸುತ್ತದೆ, ಆಸ್ಪತ್ರೆ ಊಟದ ಕಡೆ. ಇನ್ನು ಶೌಚಾಲಯ. ಬಹಳ ಶಾಲೆಗಳಲ್ಲಿ ಅದು ಕಟ್ಟಡದ ಹಿಂದೆ, ಯಾವ ಟೀಚರ್ ಕಣ್ಣಿಗೂ ಬೀಳದ ಜಾಗದಲ್ಲಿ. ನಾವು ಮಾಡಿದ್ದು ಸಣ್ಣ ಕೆಲಸ, ಹೊರಗಿನ ಚಿಲಕ ತೆಗೆಸಿದೆವು.

ಕಾನೂನಿನ ಬಗ್ಗೆ ಯಾರಾದರೂ ಕೇಳುತ್ತಾರೆ ಎಂದು ಮೊದಲೇ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆದರೆ ತಪ್ಪಿದವರ ಮೇಲೆ ಸೇವಾ ನಿಯಮದಂತೆ ಶಿಸ್ತು ಕ್ರಮ ಎನ್ನುತ್ತದೆ. ಅಂದರೆ ಅದರ ಕಣ್ಣು ನಮ್ಮಂಥ ಟೀಚರುಗಳ ಮೇಲೆ. ವ್ಯಾನಿನ ಹಿಂದಿನ ಸೀಟಿನ ತನಕ ಅದು ಹೋಗುವುದಿಲ್ಲ.

ಔಷಧಿ ಅಂಗಡಿ:

ಪರೀಕ್ಷೆ ಸಮಯ ಮತ್ತು ಜೂನ್, ಈ ಎರಡು ಸಲ ಮಕ್ಕಳ ಹೊಟ್ಟೆನೋವಿನ ಸಿರಪ್ ನಮ್ಮಲ್ಲಿ ಜಾಸ್ತಿ ಖರ್ಚಾಗುತ್ತದೆ. ದಸರಾ ರಜೆಯಲ್ಲಿ ಕೇಳುವವರೇ ಇಲ್ಲ. ಇಷ್ಟು ದಿನ ಮಳೆನೀರಿನದೇ ಕಾರಣ ಎಂದುಕೊಂಡಿದ್ದೆ.

ಪಾಲಿಸಿ ಪರಮೇಶಿ:

ವಿಮೆ ಕೆಲಸದಲ್ಲಿದ್ದೇನೆ, ಎರಡು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಓದಲು ಚಂದ. ಆದರೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದು ಅಡ್ಮಿಟ್ ಆದರೆ. ಕೌನ್ಸೆಲಿಂಗ್ ಆಗುವುದು ಓಪಿಡಿಯಲ್ಲಿ. ಅಡ್ಮಿಟ್ ಮಾಡಿ ಬರೀ ಪರೀಕ್ಷೆ ಮಾಡಿಸಿದರೂ ಕ್ಲೇಮ್ ಸಿಗದು, ತಪಾಸಣೆಗೆಂದೇ ಅಡ್ಮಿಟ್ ಆದದ್ದನ್ನು ಹೊರಗಿಡುವ ಷರತ್ತು ಬಹುತೇಕ ಎಲ್ಲದರಲ್ಲೂ ಇರುತ್ತದೆ. ಹಾಸನದಮ್ಮನ 11,400 ಪೂರ್ತಿ ಕೈಯಿಂದಲೇ ಹೋಗಿರಬೇಕು.

ರಾಯಚೂರು ಅಣ್ಣ:

ನೀವೆಲ್ಲ ಆಸ್ಪತ್ರೆಗೆ ಎಷ್ಟು ಸಲ ಹೋದೆವು ಎಂದು ಲೆಕ್ಕ ಹೇಳುತ್ತಿದ್ದೀರಿ. ಹೋಗದೇ ಇದ್ದವರ ಲೆಕ್ಕ ಹೇಳುತ್ತೇನೆ.

ನನ್ನ ತಂಗಿ ಏಳನೇ ಕ್ಲಾಸಿಗೆ ಹಾಸ್ಟೆಲ್ ಸೇರಿದಳು. ಜಾತಿ ಎತ್ತಿ ಆಡಿಕೊಳ್ಳುತ್ತಿದ್ದರು, ಇವಳ ತಟ್ಟೆ ಬೇರೆ ಇಡಿಸುತ್ತಿದ್ದರು. ಇದು ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಪ್ರಾರ್ಥನೆಯಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಳು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಅವ್ವ ಒಂದು ದಿನದ ಕೂಲಿ ಬಿಟ್ಟು ಹೋಗಿ ಕರೆದುಕೊಂಡು ಬಂದಳು. ಊರಿಗೆ ಬಂದ ಮೇಲೆ ತಲೆ ಸುತ್ತಲಿಲ್ಲ, ಹಾಗಾಗಿ ಯಾವ ಡಾಕ್ಟರೂ ಬೇಕಾಗಲಿಲ್ಲ. ಶಾಲೆಗೂ ಹೋಗಲಿಲ್ಲ. ಮರುವರ್ಷ ಹತ್ತಿ ಬಿಡಿಸಲು ಹೊರಟಳು.

ಆಸ್ಪತ್ರೆ ಪುಸ್ತಕದಲ್ಲಿ ಅವಳದು ಒಂದೇ ಚೀಟಿ. ಅದನ್ನು ನೋಡಿದವರು ಇವಳಿಗೆ ಏನೂ ಆಗಿಲ್ಲ ಎನ್ನುತ್ತಾರೆ.

ಕೊಪ್ಪದವಳು:

ಇದಕ್ಕೆ ಏನು ಹೇಳಬೇಕೋ ತೋಚುತ್ತಿಲ್ಲ ಅಣ್ಣ. ತಂಗಿ ಈಗ ಹೇಗಿದ್ದಾಳೆ?

ರಾಯಚೂರು ಅಣ್ಣ:

ಮದುವೆಯಾಗಿ ಎರಡು ಮಕ್ಕಳು. ಮಗಳನ್ನು ಹಾಸ್ಟೆಲಿಗೆ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಯಾಕೆಂದು ಗಂಡನಿಗೆ ಹೇಳಿಲ್ಲ.

ತಾಲ್ಲೂಕು ನರ್ಸ್:

ಅಣ್ಣನ ಮಾತು ಓದಿ ಬರೆಯುತ್ತಿದ್ದೇನೆ. ದುಡ್ಡಿಲ್ಲದೆ ಹೋಗಬಹುದಾದ ದಾರಿಗಳು ಇವೆ, ಜನಕ್ಕೆ ಗೊತ್ತಿಲ್ಲ ಅಷ್ಟೇ. 14416 ಟೆಲಿ ಮಾನಸ್ ನಂಬರ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ಕ್ಕೆ ಶುರುವಾಯಿತು, ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಯಾವ ಮಂಗಳವಾರ ಎಂದು ನಿಮ್ಮ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ವಿಷಯ ಗಂಭೀರವಾದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಎರಡೂ ಮಾನಸಿಕ ಆರೋಗ್ಯದ ದೊಡ್ಡ ಆಸ್ಪತ್ರೆಗಳು. ಹೊಡೆತ ಬಡಿತ, ಹಾಸ್ಟೆಲ್ ದೌರ್ಜನ್ಯ ಆದರೆ ಮಕ್ಕಳ ಸಹಾಯವಾಣಿ 1098. ಮಗುವೇ ಫೋನ್ ಮಾಡಬಹುದು.

ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೋದರು ಎಂಬ ಮಾತಿಗೆ ಹೆದರಿ ಎಷ್ಟೋ ಜನ ಮಂಗಳವಾರ ಬರುವುದಿಲ್ಲ, ಬುಧವಾರ ಬಂದು ತಲೆನೋವಿನ ಮಾತ್ರೆ ಒಯ್ಯುತ್ತಾರೆ.

ದಾವಣಗೆರೆ ಮಕ್ಕಳ ಡಾಕ್ಟರ್:

ನಿನ್ನೆಯಿಂದ ಒಂದು ಬದಲಾವಣೆ ಮಾಡಿಕೊಂಡೆ. ಹೊಟ್ಟೆ ಮುಟ್ಟಿ ನೋಡುವಾಗ, ಮಗು ಮಲಗಿ ಸೂರು ನೋಡುತ್ತಿರುತ್ತದಲ್ಲ, ಆಗ ಕೇಳುತ್ತೇನೆ. ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಬಾಯಿ ಕಟ್ಟುತ್ತದೆ. "ಯಾರಾದರೂ ಹೊಡೀತಾರಾ?" ಎಂದರೆ ಎಲ್ಲರೂ ಇಲ್ಲ ಎನ್ನುತ್ತಾರೆ. "ಸ್ಕೂಲಲ್ಲಿ ಯಾವ ಜಾಗಕ್ಕೆ ಹೋಗೋಕೆ ಇಷ್ಟ ಇಲ್ಲ?" ಎಂದು ಕೇಳಿದೆ. ಮೊದಲ ದಿನವೇ ಒಬ್ಬಳು ಹುಡುಗಿ "ಕೈ ತೊಳೆಯೋ ನಲ್ಲಿ ಹತ್ರ" ಎಂದಳು. ಅವಳ ಅಮ್ಮ ತಿರುಗಿ ನೋಡಿದರು.

ಶ್ರೀರಂಗಪಟ್ಟಣದ ತಾತ:

ಎರಡು ದಿನ ಇದನ್ನೇ ಓದುತ್ತಿದ್ದೆ. ನಮ್ಮ ಕ್ಲಾಸಿನ ಸೋಡಾಬುಡ್ಡಿ ಒಂಬತ್ತನೆಯದಕ್ಕೇ ಶಾಲೆ ಬಿಟ್ಟ. ಮನೆಯಲ್ಲಿ ಕಷ್ಟ ಎಂದುಕೊಂಡಿದ್ದೆವು. ಕಷ್ಟ ಇತ್ತೋ ಇಲ್ಲವೋ ಗೊತ್ತಿಲ್ಲ, ನಾವು ಕೇಳಲಿಲ್ಲ. ಕನ್ನಡಕ ಎಸೆದವರಲ್ಲಿ ನಾನೂ ಒಬ್ಬ. ಆದರೂ ಎಲ್ಲದಕ್ಕೂ ಡಾಕ್ಟರ್ ಬಳಿ ಓಡುವುದು ನನಗೆ ಒಪ್ಪಿಗೆಯಿಲ್ಲ.

ಸೋಡಾಬುಡ್ಡಿ 1978:

ಓಡುವುದು ಬೇಡ ತಾತ. ಅವರ ಊರು ಗೊತ್ತಿದ್ದರೆ ಒಂದು ಫೋನ್ ಮಾಡಿ.

ಹಾಸನದಮ್ಮ (11 ದಿನದ ನಂತರ):

ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಶಾಲೆಯವರು ಮೊದಲು "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಎಂದರು. ಸ್ಕ್ಯಾನ್ ಬಿಲ್ಲು, ಡಾಕ್ಟರ್ ಚೀಟಿ, ಹಾಜರಿ ಮೂರನ್ನೂ ಮೇಜಿನ ಮೇಲೆ ಇಟ್ಟಾಗ ದನಿ ಇಳಿಯಿತು. ಈಗ ವ್ಯಾನಿನಲ್ಲಿ ಸೀಟಿಗೆ ನಂಬರ್ ಹಾಕಿದ್ದಾರೆ. ಚಿಕ್ಕವರೆಲ್ಲ ಡ್ರೈವರ್ ಹಿಂದಿನ ಸಾಲು. ಆ ಮೂವರಲ್ಲಿ ಒಬ್ಬನ ತಾಯಿ ನಮ್ಮ ಮನೆಗೆ ಬಂದು ಅತ್ತರು. ಅವರ ಮನೆಯ ಕಥೆ ಬೇರೆಯೇ ಇದೆ, ಇಲ್ಲಿ ಬೇಡ. ಉಳಿದಿಬ್ಬರ ಮನೆಯವರು ಮಾತಾಡಿಸುತ್ತಿಲ್ಲ. ತೊದಲಿಗೆ ಸ್ಪೀಚ್ ಥೆರಪಿ ಶುರು ಮಾಡಿದ್ದೇವೆ, ಅದನ್ನು ಮೊದಲೇ ಮಾಡಬೇಕಿತ್ತು.

ಕಳೆದ ಸೋಮವಾರ ಮತ್ತೆ ಹೊಟ್ಟೆ ಹಿಡಿದುಕೊಂಡು ಕೂತ. ಅತ್ತೆ ಓಮದ ಡಬ್ಬಿ ತೆಗೆದರು. ಕುಡಿಸಲಿ ಬಿಡಿ, ಅದರಿಂದ ಏನೂ ಕೆಡುವುದಿಲ್ಲ. ನಾನು ಪಕ್ಕದಲ್ಲಿ ಕೂತೆ, ಫೋನ್ ಒಳಗಿಟ್ಟು. ಹತ್ತು ನಿಮಿಷವಾದ ಮೇಲೆ ತಾನೇ ಎದ್ದು ಶೂ ಹಾಕಿಕೊಂಡ.

ಸಂಜೆ ಡಬ್ಬಿ ತೆಗೆದು ನೋಡಿದರೆ ಅರ್ಧ ಉಪ್ಪಿಟ್ಟು ಹಾಗೇ ಇತ್ತು. ಅವನಿಗೆ ಉಪ್ಪಿಟ್ಟು ಇಷ್ಟವೇ ಇಲ್ಲವಂತೆ.